ಶೆಟ್ಟರು ಹೊತ್ತ ಹಿತ್ತಾಳೆ ಕೊಡ

ಒಂದು ಪೇಟೆಯಲ್ಲಿ ಅಶ್ವತ್ಥ ಶೆಟ್ಟರು ಅಂತ ಪಾತ್ರೆ ವ್ಯಾಪಾರಿ ಇದ್ದರು. ಊರು ಸಣ್ಣದಿದ್ದಾಗ ಹಿತ್ತಾಳೆ ಕೊಡಗಳನ್ನು ಹೆಗಲ ಮೇಲೆ ಹೊತ್ತು ಸಂತೆಗೆ ನಡೆಯುತ್ತಿದ್ದರು. ಊರು ಬೆಳೆಯಿತು. ಹೊಲಗದ್ದೆ ಇದ್ದಲ್ಲೆಲ್ಲ ಬಡಾವಣೆ ಎದ್ದಿತು. ಶೆಟ್ಟರೂ ಬೆಳೆದರು, ಆದರೆ ಅಡ್ಡಡ್ಡ! ಮನೆ ಬಾಗಿಲಲ್ಲಿ ಲಿಫ್ಟು, ಕೆಳಗಿಳಿದರೆ ಕಾರು, ಅಂಗಡಿಯಲ್ಲಿ ಮೆತ್ತನೆ ಕುರ್ಚಿ. ಬಗ್ಗಿ ಚಪ್ಪಲಿ ಹಾಕಿಕೊಂಡರೂ ಏದುಸಿರು. ನಗಬೇಡಿ, ನೀವೂ ಈಗ ಕೂತುಕೊಂಡೇ ಓದುತ್ತಿದ್ದೀರಿ.

ಶೆಟ್ಟರ ಅಕ್ಕನ ಮಗಳು ಮಂದಾರಳಿಗೆ ಆರು ತಿಂಗಳಾಚೆಗೆ ಮದುವೆ ಗೊತ್ತಾಯಿತು. ಅವರ ಮನೆತನದಲ್ಲಿ ಮದುಮಗಳನ್ನು ಸೋದರಮಾವನೇ ತೋಳಲ್ಲಿ ಎತ್ತಿಕೊಂಡು ಮಂಟಪಕ್ಕೆ ತರಬೇಕು. ಮಂದಾರ ತಂದೆಯಿಲ್ಲದ ಹುಡುಗಿ. ಈ ಮಾವನ ಹೆಗಲ ಮೇಲೆ ಕೂತೇ ಊರು ನೋಡಿದವಳು.

ಶೆಟ್ಟರಿಗೆ ಒಳಗೊಳಗೇ ಅಂಜಿಕೆ. ಹಿಂದಿನ ವಾರವಷ್ಟೇ ಕರೆಂಟು ಹೋಗಿ ಲಿಫ್ಟು ನಿಂತಾಗ, ಬರಿಗೈಯಲ್ಲೂ ಮೆಟ್ಟಿಲು ಹತ್ತಲಾರದೆ ನಡುವೆಯೇ ಕುಸಿದು ಕೂತಿದ್ದರು. ತುಂಬಿದ ಸಭೆಯಲ್ಲಿ ಹುಡುಗಿಯನ್ನು ಬೀಳಿಸಿಬಿಟ್ಟರೆ?

“ಅಕ್ಕಾ, ನನ್ನ ಕೈಲಾಗಲ್ಲ. ಛತ್ರದಲ್ಲಿ ಗಾಲಿ ಇರೋ ಪಲ್ಲಕ್ಕಿ ಸಿಗುತ್ತಂತೆ. ಅದರಲ್ಲೇ ಕೂರಿಸಿ ತರೋಣ,” ಅಂದರು.

ಒಳಗಿನಿಂದ ಕೇಳಿಸಿಕೊಂಡ ಮಂದಾರ ಹೊರಗೆ ಬಂದಳು.

“ಪಲ್ಲಕ್ಕಿ ಬೇಡ ಮಾವ, ನಾನೇ ನಡ್ಕೊಂಡು ಬರ್ತೀನಿ. ಅಪ್ಪನ ಜಾಗದಲ್ಲಿರೋನು ನೀನೊಬ್ಬನೇ. ನಿನಗೇನೂ ಆಗಬಾರದು.”

ಆ ಮಾತು ಕರುಳಿಗೇ ನಾಟಿತು. ಶೆಟ್ಟರು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಮನೆಯೊಳಗೇ ನಿಂತಲ್ಲೇ ನಡೆಯೋಕೆ ಟ್ರೆಡ್‌ಮಿಲ್ ಮಷೀನು ತರಿಸಿದರು. ವಾರ ಕಳೆಯುವಷ್ಟರಲ್ಲಿ ಅದರ ಮೇಲೆ ಪಂಚೆ, ಟವೆಲ್ಲು ಒಣಗತೊಡಗಿದವು!

ಆಮೇಲೊಂದು ದಿನ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಿತ್ತಾಳೆ ಕೊಡ ಕಣ್ಣಿಗೆ ಬಿತ್ತು. ಡಾಕ್ಟರನ್ನು ಕೇಳಿಕೊಂಡು ಬಂದು ಅದನ್ನೇ ಮನೆಗೆ ತಂದು, ಹೆಗಲಿಗೇರಿಸಿ ಮೆಟ್ಟಿಲು ಹತ್ತತೊಡಗಿದರು. ಮೊದಲು ಖಾಲಿ ಕೊಡ, ಒಂದೇ ಮಹಡಿ. ಅಷ್ಟಕ್ಕೇ ಮಂಡಿಗಳು ಗೋಳಾಡಿದವು. ಬಿಡಲಿಲ್ಲ. ಬರಬರುತ್ತಾ ಕೊಡಕ್ಕೆ ಬೊಗಸೆ ಬೊಗಸೆಯಾಗಿ ಅಕ್ಕಿ ಸೇರಿಸಿದರು. ಎಣ್ಣೆತಿಂಡಿ ತಟ್ಟೆ ಪಕ್ಕಕ್ಕೆ ಸರಿಯಿತು. ಅಂಗಡಿಗೂ ನಡೆದೇ ಹೊರಟರು.

“ಏನ್ ಶೆಟ್ರೇ, ಕಾರು ಕೆಟ್ಟುಹೋಯ್ತಾ?” ಅಂತ ಬೀದಿಯವರು ಕಿಚಾಯಿಸಿದರು.

“ಇಲ್ಲಪ್ಪ, ಮದುವೆ ಕೆಲಸ,” ಅಂದುಬಿಟ್ಟರು.

ಒಂದು ಮುಂಜಾನೆ ಏನೋ ಯೋಚಿಸುತ್ತಾ ಕೊಡ ಹೊತ್ತು ಹತ್ತುತ್ತಿದ್ದರು. ಮೆಟ್ಟಿಲು ಮುಗಿದೇ ಹೋಯಿತು. ನೋಡಿದರೆ ತಾರಸಿ! ಕಟ್ಟಡಗಳಾಚೆ, ಎಷ್ಟೋ ವರ್ಷದಿಂದ ನೋಡದಿದ್ದ ಗುಡ್ಡದ ಮೇಲೆ ಬಿಸಿಲು ಬಿದ್ದಿತ್ತು. ಅಬ್ಬಾ! ಶೆಟ್ಟರ ಉಸಿರು ತನ್ನ ಪಾಡಿಗೆ ತಾನಿತ್ತು. ಕೊಡ ಇಳಿಸಿ ತಮ್ಮ ಕಾಲುಗಳನ್ನೇ ಬೆರಗಾಗಿ ನೋಡಿದರು. ಇಷ್ಟು ವರ್ಷ ಕೇಳುವವರಿಲ್ಲದೆ ಬಿದ್ದಿದ್ದವು. ಆದರೂ ಒಂದು ಮುನಿಸಿಲ್ಲ, ಒಂದು ಕೊಂಕಿಲ್ಲ. ಕರೆದರೆ ಬಂದವಲ್ಲ! ದೇವರೆದುರು ನಿಂತವರ ಹಾಗೆ ಕೈಮುಗಿದರು. ಕಣ್ಣು ತುಂಬಿಕೊಂಡಿತು.

ಮದುವೆಯ ದಿನಕ್ಕೆ ಹೊಟ್ಟೆ ಪೂರ್ತಿ ಕರಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಶೆಟ್ಟರು ಬಗ್ಗಿದರು, ಮಂದಾರಳನ್ನು ಎತ್ತಿದರು, ನೆಟ್ಟಗೆ ನಿಂತರು. ಸಭೆಗೆ ಸಭೆಯೇ ಬೆಕ್ಕಸ ಬೆರಗಾಯಿತು. ವಾಲಗದವನೂ ಒಂದು ಗಳಿಗೆ ಊದುವುದನ್ನು ಮರೆತ.

“ಮಾವ, ಸುಸ್ತಾದ್ರೆ ಇಳಿಸಿಬಿಡು,” ಮಂದಾರ ಪಿಸುಗುಟ್ಟಿದಳು.

“ಸುಮ್ನಿರೇ. ಸಂತೆಗೆ ಕೊಡ ಹೊತ್ತವನು ನಾನು!”

ಮಂಟಪದ ಮೆಟ್ಟಿಲು ಹತ್ತಿ ಅವಳನ್ನು ಹಸೆಮಣೆಯ ಮೇಲೆ ಮೆತ್ತಗೆ ಕೂರಿಸಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾರನೆಯ ಬೆಳಿಗ್ಗೆ ಶೆಟ್ಟರು ಮತ್ತೆ ಕೊಡ ಎತ್ತಿದಾಗ ಹೆಂಡತಿ ಕೇಳಿದರು: “ಮದುವೆ ಮುಗೀತಲ್ಲ, ಇನ್ಯಾಕ್ರೀ?”

ಶೆಟ್ಟರು ಮಂಡಿ ಸವರಿಕೊಂಡರು. “ಕಷ್ಟಕ್ಕೆ ಕರೆದಾಗ ಬಂದವರನ್ನ ಕೆಲಸ ಆದ್ಮೇಲೆ ಕೈಬಿಡೋದು ಮರ್ಯಾದೆನಾ?”

ನೀತಿ: ನಾವು ದೇಹವನ್ನು ಎಷ್ಟು ಕಾಲ ಮರೆತಿದ್ದರೂ ಅದು ಮುನಿಸು ಇಟ್ಟುಕೊಳ್ಳುವುದಿಲ್ಲ, ತಾಳ್ಮೆಯಿಂದ ದಿನವೂ ಕರೆದರೆ ಬರುತ್ತದೆ. ನಮ್ಮನ್ನು ನೆಚ್ಚಿದವರಿಗೆ ನಮ್ಮ ತೋಳು ಬೇಕಾಗುವ ದಿನ ಬರುವ ಮೊದಲೇ ಕರೆಯಿರಿ. ಓದಿದ್ದಾಯಿತಲ್ಲ, ಇನ್ನು ಏಳಿ!