ಬೋರ ನೆಟ್ಟ ಹಾಲುಗಂಬ

ಚಿಕ್ಕೀರವ್ವನ ಮಗ ಬೋರ ಕೆಟ್ಟೋನಲ್ಲ ಕಣ್ರಪ್ಪ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಆ ತಾಯಿಯ ಹಣೆಬರಹ! ಇವನ ಪೆದ್ದುತನ ನೋಡಿ, ಮಗಳು ಕೆಂಚಿಗೆ ಬಂದಿದ್ದ ಎರಡು ಸಂಬಂಧ ಎದ್ದು ಹೋಗಿದ್ವು. ಮೂರನೇದು ಹೇಗೋ ಕುದುರಿತ್ತು. ಆದ್ರೆ ಅವರ ಪದ್ಧತಿ ನೋಡಿ, ಮದುವೆ ಚಪ್ಪರದ ಹಾಲುಗಂಬ ತರೋನೂ ಹೆಣ್ಣಿನ ಅಣ್ಣನೇ, ನೆಡೋನೂ ಅಣ್ಣನೇ. 

ಚಿಕ್ಕೀರವ್ವ ಮೊದಲು ಮಗನ್ನ ಎಣ್ಣೆ ತಾ ಅಂತ ಕಳಿಸಿದ್ಲು. ಬೋರ ಗಡಿಗೇನ ಕಂಕುಳಲ್ಲಿ ಅಡ್ಡ ಇಟ್ಕೊಂಡು ಬಂದ. ಎಣ್ಣೆಯೆಲ್ಲ ದಾರಿ ಪಾಲು!

"ಅಯ್ಯೋ ಪೆದ್ದೇ! ತರೋದನ್ನ ನೆಟ್ಟಗೆ ಹಿಡ್ಕೊಂಡು ತರ್ಬೇಕು ಕಣೋ! ಒಂಚೂರೂ ವಾಲಬಾರ್ದು!"

"ಹೂಂ ಕಣವ್ವ, ಇನ್ಮೇಲೆ ಹಂಗೇ ತರ್ತೀನಿ."

ಮಾರನೇ ದಿನ ಹಾಲುಗಂಬ ತರೋಕೆ ಹೋದ. ಎರಡಾಳುದ್ದದ ಅತ್ತಿ ಕಂಬ. ನೆಟ್ಟಗೆ, ಒಂಚೂರೂ ವಾಲಿಸದೆ ಹಿಡ್ಕೊಂಡು ಬಂದ. ಊರಬಾಗಿಲ ಹುಣಸೆ ಮರದಲ್ಲಿ ಜೇನು ಕಟ್ಟಿತ್ತು. ಕಂಬದ ತುದಿ ಸೀದಾ ಹೋಗಿ ಅದಕ್ಕೇ ತಗುಲ್ತು! ಊರೋರೆಲ್ಲ ಬಾಗಿಲು ಹಾಕ್ಕೊಂಡ್ರು. ಬೋರನ ಮುಖ ಊದಿ ಕುಂಬಳಕಾಯಿ ಆಗಿತ್ತು. ಕಂಬ ಮಾತ್ರ ನೆಟ್ಟಗೇ ಇತ್ತು.

"ನಿನ್ನ ಬುದ್ಧಿಗೆ ಬೆಂಕಿ ಬೀಳ! ಉದ್ದಕ್ಕಿರೋದನ್ನ ಹೆಗಲ ಮೇಲೆ ಅಡ್ಡ ಹಾಕ್ಕೊಂಡು ತರ್ಬೇಕು ಕಣೋ!"

"ಹೂಂ ಕಣವ್ವ, ಇನ್ಮೇಲೆ ಹಂಗೇ ತರ್ತೀನಿ."

ಸಂಜೆಗೆ ಗಂಡಿನ ಕಡೆಯೋರ ಗಾಡಿ ಬಂದು ಹಳ್ಳದ ಆಚೆ ನಿಂತ್ಕೊಳ್ತು. ಅದರಲ್ಲಿ ಗಂಡಿನ ಅಜ್ಜಿ. ಆ ಮನೇಲಿ ಅವಳ ಮಾತು ಮೀರೋರಿಲ್ಲ. "ಓಡೋ, ಅಜ್ಜೀನ ಜೋಪಾನವಾಗಿ ಕರ್ಕೊಂಡು ಬಾ!" ಬೋರ ಹೋಗಿ ನೋಡಿದ. ಅಜ್ಜಿ ಉದ್ದಕ್ಕಿದ್ಲು! ಎತ್ತಿ ಹೆಗಲ ಮೇಲೆ ಅಡ್ಡ ಹಾಕ್ಕೊಂಡು ಮನೆ ಬಾಗಿಲಿಗೆ ತಂದೇಬಿಟ್ಟ.

"ಇಳಿಸೋ ಮುಂಡೇದೇ! ಈ ಮನೆ ಹೆಣ್ಣು ನಮಗೆ ಬೇಡ! ತಿರುಗಿಸ್ರೋ ಗಾಡೀನ!"

ಒಳಗೆ ಕೆಂಚಿ ಬಾಯಿಗೆ ಸೆರಗು ತುರುಕ್ಕೊಂಡು ಅತ್ಲು. ಚಿಕ್ಕೀರವ್ವ ಅಜ್ಜಿಯ ಕಾಲು ಹಿಡಿದೋಳು ಬಿಡಲೇ ಇಲ್ಲ. ಕೊನೆಗೆ ಅಜ್ಜಿ ಬೆರಳು ತೋರಿಸಿ, "ನಾಳೆ ಹಾಲುಗಂಬ ಒಂಚೂರು ಅಲುಗಿದ್ರೂ ಎದ್ದು ಹೋಗ್ತೀವಿ, ತಿಳ್ಕೋ!" ಅಂದ್ಲು.

ಚಿಕ್ಕೀರವ್ವ ಮಗನ ರಟ್ಟೆ ಹಿಡ್ಕೊಂಡ್ಲು. "ನೋಡಪ್ಪ, ನಿನ್ನ ತಂಗಿ ಬಾಳು ನಿನ್ನ ಕೈಲಿದೆ. ಕಂಬ ನೆಟ್ಟಗೆ ಹಿಡ್ಕೋ. ಏನೇ ಆದ್ರೂ ಕೈ ಬಿಡ್ಬೇಡ!"

"ಬಿಡಲ್ಲ ಕಣವ್ವ."

ಬಿಡಲಿಲ್ಲ ಕಣ್ರಪ್ಪ! ಮಾರನೇ ಬೆಳಗ್ಗೆ ಕಂಬ ನೆಟ್ಟು ಹಾಲೆರೆದ್ರು, ಬಿಡಲಿಲ್ಲ. ಅದರ ಮೇಲೇ ಚಪ್ಪರ ಕಟ್ಟಿದ್ರು, ಬಿಡಲಿಲ್ಲ. ತಾಳಿ ಕಟ್ಟಿದ್ರು, ಬಿಡಲಿಲ್ಲ. ಊಟಕ್ಕೆ ಕರೆದ್ರು, ಆಗಲೂ ಬಿಡಲಿಲ್ಲ! ಅಜ್ಜಿಯೇ ಬಂದು ಕಂಬ ಅಲ್ಲಾಡಿಸಿ ನೋಡಿದ್ಲು. ಅಲುಗಲಿಲ್ಲ. "ಪೆದ್ದನಾದ್ರೂ ಗಟ್ಟಿಗ" ಅಂದ್ಲು. ಚಿಕ್ಕೀರವ್ವನಿಗೆ ಹೋದ ಜೀವ ಬಂತು.

ಕೆಂಚಿ ಗಾಡಿ ಹತ್ತಿದ್ಲು. "ಅಣ್ಣಾ, ಊರಬಾಗಿಲ ತನಕ ಬಾರೋ" ಅಂತ ಅತ್ಲು. ತಾಯಿ ಕಣ್ಣೊರೆಸಿಕೊಂಡು, "ಹೋಗಿ ಬಾರಪ್ಪ" ಅಂದುಬಿಟ್ಲು.

ಬೋರ ಕಂಬ ಕಿತ್ತ! ಚಪ್ಪರ ಧೊಪ್ಪಂತ ಬೀಗರ ತಲೆ ಮೇಲೆ ಬಿತ್ತು.

"ತಾಳಿ ಕಟ್ಟಾಯ್ತಲ್ಲಪ್ಪೋ ದೇವ್ರೇ!" ಚಪ್ಪರದ ತೆಂಗಿನ ಗರಿಯ ಕೆಳಗಿಂದ ಅಜ್ಜಿ ಕಿರುಚಿದ್ಲು.

"ಎಲ್ಲಿಗೋ ಅದನ್ನ ಎತ್ಕೊಂಡು!" ಅಂತ ಚಿಕ್ಕೀರವ್ವ ಕೂಗಿದ್ಲು.

"ಕೈ ಬಿಟ್ಟಿಲ್ಲ ಕಣವ್ವಾ!" ಅಂದ ಬೋರ. ಕಂಬ ನೆಟ್ಟಗೆ ಹಿಡ್ಕೊಂಡು ತಂಗಿ ಗಾಡಿ ಹಿಂದೆ ಓಡಿದ. ಊರಬಾಗಿಲ ಹುಣಸೆ ಮರದಲ್ಲಿ ಜೇನು ಆಗಷ್ಟೇ ಮತ್ತೆ ಬಂದು ಕೂತಿತ್ತು.