ಒಂದೂ ಬೀಳದ ಸಂಜೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಪ್ರವಚನದ ಮಂಟಪವಿತ್ತು, ಮಕ್ಕಳ ಶಾಲೆಯಿತ್ತು. ಇನ್ನು ಉಳಿಯುವುದಿಲ್ಲ ಎಂದು ಆಸ್ಪತ್ರೆಗಳು ಕೈಬಿಟ್ಟವರನ್ನು ಕೊನೆಯವರೆಗೂ ನೋಡಿಕೊಳ್ಳುವ ಹತ್ತು ಮಂಚದ ಒಂದು ವಾರ್ಡೂ ಇತ್ತು.

ಮಹಡಿಯ ಕೋಣೆಯಲ್ಲಿ ಒಂದು ನೆಟ್‌ವರ್ಕ್ ಸ್ವಿಚ್. ಮಂಟಪದ ಕ್ಯಾಮೆರಾ, ಶಾಲೆಯ ಕಂಪ್ಯೂಟರು, ವಾರ್ಡಿನ ಫೋನು, ಎಲ್ಲದರ ತಂತಿಯೂ ಬಂದು ಸೇರುತ್ತಿದ್ದದ್ದು ಅದಕ್ಕೇ. ಅಲ್ಲಿಂದ ಹೊರಗೆ ಹೋಗುವ ದಾರಿ ಮಾತ್ರ ಒಂದೇ, ಅದೂ ಇಕ್ಕಟ್ಟಿನದು.

ಸ್ವಿಚ್ಚಿನ ಉಸ್ತುವಾರಿ ಗಿರಿಜಾಂಬ ಅವರದು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು, ನಿವೃತ್ತರಾದ ಮೇಲೆ ಇಲ್ಲಿ ಬಂದು ನೆಲೆಸಿದ್ದರು. ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಸ್ವಾಮಿಗಳೂ ಅಷ್ಟೇ.

ಸಿದ್ದರಾಜು ಅವರ ಶಿಷ್ಯ. ಡಿಪ್ಲೊಮಾ ಮುಗಿಸಿ ಮೂರು ಕಡೆ ಕೆಲಸಕ್ಕೆ ಸೇರಿ, ಮೂರೂ ಕಡೆ ಜಗಳವಾಡಿ ಬಂದಿದ್ದವನು. ತಪ್ಪು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬೇರೆಯವರ ತಪ್ಪು ಕಂಡರಂತೂ ಸುತರಾಂ ಆಗುತ್ತಿರಲಿಲ್ಲ.

ಮೊದಲ ದಿನವೇ ಕೇಳಿದ:

"ಅಮ್ಮಾ, ಬಫರ್ ಅಂದ್ರೇನು ಅಂತ ಪುಸ್ತಕದಲ್ಲಿ ಓದಿದ್ದೀನಿ. ನಿಮ್ಮ ಬಾಯಲ್ಲಿ ಕೇಳಬೇಕು."

"ಜಗಲಿ ಕಣೋ" ಎಂದರು ಅಮ್ಮ. "ಬಾಗಿಲು ಚಿಕ್ಕದು, ಮಾತು, ಚಿತ್ರ ಅಂತ ಹೋಗೋರು ಜಾಸ್ತಿ. ಸರದಿ ಬರೋವರೆಗೂ ಜಗಲಿ ಮೇಲೆ ಕೂತಿರ್ತಾರೆ."

"ಜಗಲಿ ತುಂಬಿದ್ರೆ?"

"ಆಮೇಲೆ ಬಂದೋರನ್ನ ಸ್ವಿಚ್ಚು ಬಿಸಾಕುತ್ತೆ."

"ಬಿಸಾಕುತ್ತಾ?"

"ಹೂಂ. ಎಷ್ಟು ಬಿಸಾಕ್ದೆ ಅಂತ ಪರದೆ ಮೇಲೆ ತೋರಿಸುತ್ತೆ. ಪಾಪ, ಅದಕ್ಕೆ ಮುಚ್ಚಿಡೋದು ಗೊತ್ತಿಲ್ಲ."

ಸಿದ್ದರಾಜುವಿಗೆ ಸಂಕಟವಾಯಿತು. ಬಾಗಿಲವರೆಗೆ ಬಂದವರನ್ನು ಬಿಸಾಕುವುದೆಂದರೇನು?

"ಹಾಗಾದ್ರೆ ಜಗಲಿ ಎಷ್ಟು ದೊಡ್ಡದಿರಬೇಕು ಅಮ್ಮಾ?"

"ಕಾಯೋರಿಗೆ ಎಷ್ಟು ತಾಳ್ಮೆ ಇದೆಯೋ ಅಷ್ಟು."

ಇದು ಉತ್ತರವೋ ಒಗಟೋ ಅವನಿಗೆ ತಿಳಿಯಲಿಲ್ಲ. ತಿಳಿದವನಂತೆ ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬರೆದುಕೊಂಡದ್ದೆಲ್ಲ ಬಂದುಬಿಟ್ಟಿತು ಎಂದು ನಂಬುವ ವಯಸ್ಸು.

ಅಮ್ಮ ಒಂದು ನಿಯಮ ಇಟ್ಟಿದ್ದರು. ಸ್ವಿಚ್ಚಿನಲ್ಲಿ ಏನೇ ಬದಲಾಯಿಸಲಿ, ಬದಲಾಯಿಸಿದವನು ವಾರ್ಡಿಗೆ ಹೋಗಿ ಅಲ್ಲಿನ ಫೋನಿನಿಂದ ಯಾರಿಗಾದರೂ ಕರೆ ಮಾಡಿ ಮಾತಾಡಬೇಕು.

"ಪರದೆ ಇದೆಯಲ್ಲಾ ಅಮ್ಮಾ, ನೋಡಿದ್ರೆ ಗೊತ್ತಾಗಲ್ವಾ?"

"ಪರದೆ ಸ್ವಿಚ್ಚಿನ ಕಷ್ಟ ಹೇಳುತ್ತೆ. ಫೋನು ಹಿಡಿದೋರ ಕಷ್ಟ ಹೇಳಲ್ಲ."

ಹೀಗಿರುವಾಗ ದೂರದೂರಿನ ಭಕ್ತರೊಬ್ಬರು ದೂರು ತಂದರು. ಸಂಜೆ ಐದರ ಪ್ರವಚನವನ್ನು ಅವರು ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಿದ್ದರಂತೆ. ಮೋಕ್ಷ ಎಂದರೆ ಏನು ಎಂದು ಸ್ವಾಮಿಗಳು ಹೇಳಲು ಬಾಯಿ ತೆರೆದರಂತೆ, ತೆರೆದ ಬಾಯಿ ಹಾಗೇ ನಿಂತುಬಿಟ್ಟಿತಂತೆ.

ಸ್ವಾಮಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿದ್ದರಾಜು ನಗಲಿಲ್ಲ. ಪರದೆ ನೋಡಿದ. ಒಂದೇ ಸಂಜೆಯಲ್ಲಿ, ಮಾತು ಚಿತ್ರಗಳ ತುಣುಕು ಹೊತ್ತ ಸಾವಿರದ ಇನ್ನೂರು ಪ್ಯಾಕೆಟ್ಟು ಬಿದ್ದುಹೋಗಿದ್ದವು.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುತ್ತಾರಲ್ಲ, ಹಾಗಾಯಿತು. ಭಾನುವಾರ ಇಡೀ ದಿನ ಕೂತು, ಸ್ವಿಚ್ಚಿನೊಳಗೆ ಎಲ್ಲೆಲ್ಲಿ ಜಾಗವಿತ್ತೋ ಎಲ್ಲವನ್ನೂ ಬಳಿದು ತಂದು, ಹೊರಗೆ ಹೋಗುವ ಬಾಗಿಲಿಗೆ ಒಂದೇ ದೊಡ್ಡ ಜಗಲಿ ಕಟ್ಟಿದ. ಮೊದಲು ವಾರ್ಡಿನ ಫೋನುಗಳಿಗೆ ಬೇರೆ ಪುಟ್ಟ ಜಗಲಿಯಿತ್ತು. ಅದನ್ನೂ ತೆಗೆದು ಇದಕ್ಕೇ ಸೇರಿಸಿದ.

"ಆಶ್ರಮದಲ್ಲಿ ಪಂಕ್ತಿಭೇದ ಯಾಕೆ?" ಎಂದು ತನಗೆ ತಾನೇ ಹೇಳಿಕೊಂಡ. ಆ ಮಾತು ಅವನಿಗೇ ಬಹಳ ಹಿಡಿಸಿತು.

ನಿಯಮವನ್ನೇನೂ ಮುರಿಯಲಿಲ್ಲ. ಸೋಮವಾರ ಬೆಳಿಗ್ಗೆ ಆರಕ್ಕೆ ವಾರ್ಡಿಗೆ ಹೋಗಿ ಅಲ್ಲಿನ ಫೋನಿನಿಂದ ಸೋದರಮಾವನಿಗೆ ಕರೆ ಮಾಡಿದ. ಮಾತು ನೀರು ಹರಿದ ಹಾಗೆ ಹರಿಯಿತು. ಆ ಹೊತ್ತಿನಲ್ಲಿ ಆಶ್ರಮದಲ್ಲಿ ಎದ್ದಿದ್ದವರು ಅಡುಗೆಯವರು ಮಾತ್ರ. ಜಗಲಿ ಪೂರ್ತಿ ಖಾಲಿ ಇತ್ತು ಎಂಬುದು ಅವನಿಗೆ ಹೊಳೆಯಲಿಲ್ಲ.

ಸೋಮವಾರ ಸಂಜೆ ಪ್ರವಚನ ಮುಗಿಯುತ್ತಲೇ ಮಹಡಿಯಿಂದ ಕೂಗಿದ:

"ಅಮ್ಮಾ, ಸೊನ್ನೆ! ಒಂದೂ ಬೀಳಲಿಲ್ಲ!"

ಅಮ್ಮ ಮೆಟ್ಟಿಲು ಹತ್ತಿ ಬಂದರು. ಕನ್ನಡಕ ಹಾಕಿಕೊಂಡು ಪರದೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಅವನ ಮುಖ ನೋಡಿದರು. ಮೂರು ಕಡೆ ಜಗಳವಾಡಿ ಬಂದ ಹುಡುಗನ ಮುಖ ಮೊದಲ ಸಲ ಅರಳಿತ್ತು.

"ಊಟ ಆಯ್ತೇನೋ?" ಎಂದರು.

ಅದನ್ನೇ ಹೊಗಳಿಕೆ ಎಂದುಕೊಂಡು ಅವನು ಊಟಕ್ಕೆ ಹೋದ.

ವಾರ್ಡಿನ ನಾಲ್ಕನೇ ಮಂಚದಲ್ಲಿ ಅಂಕಯ್ಯ ಎಂಬವರಿದ್ದರು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಎದೆಯ ಕಾಯಿಲೆ, ಇನ್ನು ಕೆಲವೇ ದಿನ ಎಂದು ಅವರಿಗೂ ಗೊತ್ತಿತ್ತು.

ಅವರಿಗೆ ಒಬ್ಬಳೇ ಮಗಳು, ಇಂದ್ರಾಣಿ. ತಿರುಪ್ಪೂರಿನಲ್ಲಿ ಬನಿಯನ್ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಒಂಬತ್ತು ವರ್ಷದ ಹಿಂದೆ, ಹೆಂಡತಿಯ ಚಿತೆಯ ಮುಂದೆ, ನಾಲ್ಕು ಜನರ ಎದುರಿಗೆ ಅಂಕಯ್ಯ ಮಗಳಿಗೆ ಅಂದಿದ್ದರು: "ನೀನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಸೇರ್ಸಿದ್ರೆ ಅವಳು ಬದುಕ್ತಿದ್ಲು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅಪ್ಪ ಮಗಳ ನಡುವೆ ಹಬ್ಬಕ್ಕೊಂದು ಕ್ಷೇಮಸಮಾಚಾರ, ಅಷ್ಟೇ.

ಬುಧವಾರ ಸಂಜೆ ಐದೂವರೆಗೆ ಅಂಕಯ್ಯ ನರ್ಸ್ ಜಯಶೀಲಳನ್ನು ಕರೆದು, ಮಗಳಿಗೆ ಫೋನು ಹಚ್ಚಿಕೊಡು ಎಂದರು. ಹಚ್ಚಿಕೊಟ್ಟಳು. ಆ ಕಡೆಯಿಂದ "ಹಲೋ" ಕೇಳಿತು. ಇವರು ಹಲೋ ಅನ್ನುತ್ತಾ ಕೂತರೆ ಧೈರ್ಯ ಹೋದೀತು ಎಂದು ಒಂದೇ ಉಸಿರಿಗೆ ಕೇಳಿಬಿಟ್ಟರು:

"ಇಂದ್ರಾ, ಅವತ್ತು ನಾನಾಡಿದ್ದನ್ನ ಮರೆತುಬಿಡ್ತೀಯಾ ಮಗಳೇ?"

ಮಂಟಪದಲ್ಲಿ ಪ್ರವಚನ ಜೋರಾಗಿತ್ತು. ಶಾಲೆಯವರು ವಾರ್ಷಿಕೋತ್ಸವದ ಫೋಟೋಗಳನ್ನೆಲ್ಲ ಆಗಲೇ ಕಳಿಸಲು ಶುರುಮಾಡಿದ್ದರು. ಅಂಕಯ್ಯನವರ ಮಾತು ಅವೆಲ್ಲದರ ಹಿಂದೆ ಹೋಗಿ ಜಗಲಿಯ ಕೊನೆಯಲ್ಲಿ ಕೂತುಕೊಂಡಿತು.

ಅಂಕಯ್ಯ ಎರಡೂ ಕೈಯಲ್ಲಿ ರಿಸೀವರು ಹಿಡಿದು ಕಾದರು. ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಡ್ರಿಲ್ ಮೇಷ್ಟ್ರಿಗೆ ನಾಲ್ಕರ ಆಚೆ ಎಣಿಕೆಯಿಲ್ಲ. ರಿಸೀವರನ್ನು ತಾವೇ ಕೆಳಗಿಟ್ಟರು.

"ಅವಳು ಮಾತಾಡಲ್ಲಮ್ಮ" ಎಂದರು ನರ್ಸಿಗೆ. "ಸರಿಯಾಗೇ ಇದೆ, ಬಿಡು."

ಗೋಡೆಯ ಕಡೆ ತಿರುಗಿ ಮಲಗಿದರು. ಸ್ವಲ್ಪ ಹೊತ್ತಿಗೆ ಮಗಳೇ ಫೋನು ಮಾಡಿದಳು. ಈಗಷ್ಟೇ ಕಣ್ಣು ಹತ್ತಿದೆ, ಬೆಳಿಗ್ಗೆ ಮಾಡಿ ಎಂದಳು ಜಯಶೀಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ಬೆಳಿಗ್ಗೆ ಅಂಕಯ್ಯ ಇರಲಿಲ್ಲ.

ಗುರುವಾರ ಮಧ್ಯಾಹ್ನ ಇಂದ್ರಾಣಿ ಬಂದಳು. ಹೊಳೆಯ ದಂಡೆಯಲ್ಲೇ ಕಾರ್ಯ ಮುಗಿಯಿತು. ಅಪ್ಪನ ಬಟ್ಟೆ ಕಟ್ಟಿಕೊಳ್ಳಲು ವಾರ್ಡಿಗೆ ಬಂದವಳು ನರ್ಸಿನ ಕೈ ಹಿಡಿದುಕೊಂಡಳು.

"ನಾನ್ ಹೇಳಿದ್ದು ಅಪ್ಪಂಗೆ ಕೇಳಿಸ್ತಾ ಸಿಸ್ಟರ್?"

"ಏನ್ ಹೇಳಿದ್ರಿ?"

"ಮರ್ತು ಎಷ್ಟೋ ವರ್ಷ ಆಯ್ತು ಕಣಪ್ಪ, ಅಂದೆ. ಅಪ್ಪ ಕೇಳಿದ್ ತಕ್ಷಣ ಅಂದೆ. ಆಮೇಲೆ ನೋಡುದ್ರೆ ಲೈನೇ ಇರ್ಲಿಲ್ಲ."

ಜಯಶೀಲ ಸೆರಗಿನಿಂದ ಕಣ್ಣೊತ್ತಿಕೊಂಡಳು. ಪಕ್ಕದ ಮಂಚದ ಬಳಿ ತಂತಿ ಸರಿಮಾಡುತ್ತಿದ್ದ ಸಿದ್ದರಾಜು ಇಬ್ಬರ ಮಾತನ್ನೂ ಕೇಳಿದ. ಇಂದ್ರಾಣಿ ಗಂಟು ಕಟ್ಟಿಕೊಂಡು ಹೊರಟ ಮೇಲೆ, ಅಂಕಯ್ಯ ಕಾದು ರಿಸೀವರು ಇಟ್ಟದ್ದನ್ನೂ ಅವಳು ಮಾತಾಡಲ್ಲ ಎಂದದ್ದನ್ನೂ ಜಯಶೀಲ ಅವನಿಗೆ ಹೇಳಿದಳು. ಕೇಳಿದವನು ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಓಡಿದ.

"ಅಮ್ಮಾ, ನಿನ್ನೆ ಸಂಜೇನೂ ಸೊನ್ನೆ. ನೋಡಿ, ಒಂದೂ ಬಿದ್ದಿಲ್ಲ. ನಮ್ಮ ಕಡೆಯಿಂದ ತಪ್ಪಾಗಿರೋಕೆ ಸಾಧ್ಯ ಇಲ್ಲ, ಅಲ್ವಾ?"

ಅಮ್ಮ ತಮ್ಮ ಮೊಬೈಲು ತೆಗೆದುಕೊಂಡು ಚಪ್ಪಲಿ ಮೆಟ್ಟಿದರು.

"ಪ್ರವಚನ ಶುರುವಾದ ಮೇಲೆ ವಾರ್ಡಿಂದ ನನಗೆ ಫೋನ್ ಮಾಡು. ಕಿಟಕಿ ಹತ್ರ ನಿಂತ್ಕೊಂಡು ಮಾಡು."

ಐದು ಗಂಟೆಗೆ ಮಂಟಪದಲ್ಲಿ ಗಂಟೆ ಬಾರಿಸಿದರು. ಇನ್ನೊಂದು ಕಾಲು ಗಂಟೆ ಬಿಟ್ಟು ಸಿದ್ದರಾಜು ಕಿಟಕಿಯ ಬಳಿ ನಿಂತು ಕರೆ ಮಾಡಿದ. ಹೊಳೆಯ ಸೋಪಾನದ ಮೇಲೆ ಕೂತಿದ್ದ ಅಮ್ಮ ಅಲ್ಲಿಂದ ಚೆನ್ನಾಗಿ ಕಾಣುತ್ತಿದ್ದರು. ಮೊಬೈಲು ಕಿವಿಗಿಟ್ಟುಕೊಂಡರು.

"ಅಮ್ಮಾ, ಕೇಳಿಸಿದ್ರೆ ಕೈ ಎತ್ತಿ."

ಅಮ್ಮ ಅಲ್ಲಾಡಲಿಲ್ಲ.

ಒಂದು. ಎರಡು. ಮೂರು. ನಾಲ್ಕು.

ಲೈನು ಸತ್ತಿದೆ ಎಂದುಕೊಂಡು ಅವನು ರಿಸೀವರನ್ನು ಕಿವಿಯಿಂದ ತೆಗೆದ. ಇಡಲು ಹೋದಾಗ ಅಮ್ಮನ ಕೈ ಮೇಲೆದ್ದಿತು.

ಅವನು ಸೋಪಾನ ಇಳಿದು ಬಂದ.

"ಎಲ್ಲಾ ಬಂತು" ಎಂದರು ಅಮ್ಮ. "ಒಂದಕ್ಷರಾನೂ ಬಿದ್ದಿಲ್ಲ. ನೀನು ಹೇಳಿದ್ದು ನಿಜ."

ಸಿದ್ದರಾಜು ಕುಸಿದು ಕೂತು ಅತ್ತ. ಅವನು ಅಳುವುದನ್ನು ಆಶ್ರಮದಲ್ಲಿ ಯಾರೂ ನೋಡಿರಲಿಲ್ಲ.

"ಯಾರನ್ನೂ ಬಿಸಾಕಬಾರದು ಅಂತ ಮಾಡಿದೆ ಅಮ್ಮಾ."

"ಗೊತ್ತು."

"ಸೋಮವಾರ ನೀವೂ ಪರದೆ ನೋಡಿದ್ರಿ. ನಿಮಗೆ ಗೊತ್ತಾಗಲಿಲ್ವಾ?"

ಅಮ್ಮ ಹೊಳೆಯನ್ನೇ ನೋಡುತ್ತಿದ್ದರು.

"ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಅಷ್ಟು ಖುಷಿಯಾಗಿದ್ದೆ. ನಾಲ್ಕು ದಿನ ಹಾಗೇ ಇರ್ಲಿ, ಶುಕ್ರವಾರ ಹೇಳೋಣ ಅಂದ್ಕೊಂಡೆ."

ಅಂದು ಗುರುವಾರ.

ಗುರುವಿನ ಕಣ್ಣಲ್ಲಿ ನೀರು ನೋಡುವುದು ಶಿಷ್ಯನಿಗೆ ಸುಲಭವಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಅವನಿಗೆ.

"ಆ ಅಕ್ಕನಿಗೆ ಇದನ್ನ ಹೇಳಬೇಕಾ ಅಮ್ಮಾ? ಈಗಷ್ಟೇ ಬೆಂಕಿ ಇಟ್ಟು ಬಂದಿದ್ದಾರೆ. ತಿಥಿ ಎಲ್ಲಾ ಕಳೆದ ಮೇಲೆ ಒಂದು ಕಾಗದ ಬರೆದ್ರೆ..."

ವಾಕ್ಯ ಅಲ್ಲಿಗೇ ನಿಂತಿತು. ತಾನು ಏನು ಹೇಳುತ್ತಿದ್ದೇನೆಂದು ಅವನಿಗೇ ಕೇಳಿಸಿತು.

"ಬಸ್ಸು ಆರೂವರೆಗೆ" ಎಂದರು ಅಮ್ಮ.

"ನನ್ನನ್ನ ಕ್ಷಮಿಸ್ತಾರಾ?"

"ಅದನ್ನ ಕೇಳೋಕೆ ಹೋಗ್ತಿದ್ದೀಯೋ, ಆಗಿದ್ದನ್ನ ಹೇಳೋಕೆ ಹೋಗ್ತಿದ್ದೀಯೋ?"

ಅಮ್ಮ ಮಂಡಿಯ ಮೇಲೆ ಕೈಯೂರಿ ಎದ್ದರು.

"ನಡಿ. ನನಗೂ ಹೇಳೋದಿದೆ."

ಇಂದ್ರಾಣಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅಪ್ಪನ ಬಟ್ಟೆಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಿದ್ದರಾಜು ಎದುರಿಗೆ ನಿಂತು ಹೇಳಿದ. ಸ್ವಿಚ್ಚು, ಬಫರು ಎಂದು ಒಂದು ಮಾತೂ ಆಡಲಿಲ್ಲ.

"ಫೋನು ಕೆಟ್ಟಿರಲಿಲ್ಲ ಅಕ್ಕ. ನಾನು ಹೊಂದಿಸಿದ್ದು ತಪ್ಪಾಗಿತ್ತು. ನಿಮ್ಮಪ್ಪ ಕೇಳಿದ್ದು ನಿಮಗೆ ತಡವಾಗಿ ಬಂತು. ನೀವು ಹೇಳೋ ಹೊತ್ತಿಗೆ ಅವರು ಕಾದು ಕಾದು ಇಟ್ಟುಬಿಟ್ಟಿದ್ರು."

"ತಪ್ಪು ಅಂತ ನನಗೆ ಮೊದಲೇ ಗೊತ್ತಿತ್ತಮ್ಮ" ಎಂದರು ಅಮ್ಮ. "ನಾನು ಹೇಳಲಿಲ್ಲ."

ಇಂದ್ರಾಣಿ ಇಬ್ಬರನ್ನೂ ನೋಡಿದಳು. ಬೈಯಲಿಲ್ಲ. ಗಂಟಿನ ಮೇಲಿನ ಧೂಳು ಒರೆಸಿದಳು.

"ಅಂಗಾರೆ ಅಪ್ಪ, ಮಗ್ಳು ಮಾತಾಡ್ನಿಲ್ಲ ಅಂದ್ಕಂಡೇ ಹೋದ್ರಾ?"

ಸಿದ್ದರಾಜು ಅವಳ ಮುಖ ನೋಡಿಯೇ ಹೇಳಿದ.

"ಹೌದು ಅಕ್ಕ."

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತಳು. ಡ್ರೈವರು ಹಾರನ್ನು ಹೊಡೆದ ಮೇಲೆ ತಲೆ ಹೊರಗೆ ಹಾಕಿ ಕೇಳಿದಳು:

"ನಾನ್ ಹೇಳಿದ್ನಲ್ಲ, ಆ ಮಾತು ಎಲ್ಲೋಯ್ತು?"

ಬಸ್ಸು ಹೊರಟುಹೋಯಿತು.

ಆಶ್ರಮಕ್ಕೆ ಬಂದವನೇ ಸಿದ್ದರಾಜು ಸ್ವಿಚ್ಚಿನ ಮುಂದೆ ಕೂತ. ದೊಡ್ಡ ಜಗಲಿಯನ್ನು ಒಡೆದ. ವಾರ್ಡಿನ ಮಾತಿಗೆ ಗೇಣಗಲದ ಬೇರೆ ಜಗಲಿ ಕಟ್ಟಿ, ಬಾಗಿಲು ತೆರೆದಾಗೆಲ್ಲ ಮೊದಲು ಅದೇ ಹೋಗಲಿ ಎಂದು ಹೊಂದಿಸಿದ. ಪ್ರವಚನಕ್ಕೆ, ಫೋಟೋಗಳಿಗೆ ಎಷ್ಟು ಬೇಕೋ ಅಷ್ಟೇ ಜಾಗ ಬಿಟ್ಟ. ಅಮ್ಮ ಪಕ್ಕದಲ್ಲೇ ಕೂತಿದ್ದರು.

ಮರುದಿನ ಪ್ರವಚನದ ಹೊತ್ತಿಗೇ ವಾರ್ಡಿಗೆ ಹೋಗಿ ಸೋದರಮಾವನಿಗೆ ಕರೆ ಮಾಡಿದ. ಹೇಗಿದ್ದೀರಿ ಎನ್ನುವಷ್ಟರಲ್ಲಿ ಚೆನ್ನಾಗಿದ್ದೀನಿ ಎಂಬ ಉತ್ತರ ಬಂತು. ಎಷ್ಟು ಸಲೀಸು! ಅವನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಮಾವ ಆ ಕಡೆಯಿಂದ "ಯಾಕೋ, ಏನಾಯ್ತೋ" ಎಂದು ಕೇಳುತ್ತಲೇ ಇದ್ದರು.

ಪರದೆಯ ಮೇಲೆ ಅಂದು ಮುನ್ನೂರು ಚಿಲ್ಲರೆ ಬಿದ್ದಿದ್ದವು. ಸ್ವಾಮಿಗಳ ಬಾಯಿ ಯಾರ ಮನೆಯಲ್ಲೋ ಮತ್ತೆ ತೆರೆದೇ ನಿಂತಿರಬೇಕು. ಅದು ಈಗ ಅವನನ್ನು ಚುಚ್ಚಲಿಲ್ಲ. ಚುಚ್ಚುತ್ತಿದ್ದದ್ದು ಬೇರೆ.

ಸೋಪಾನದ ಮೇಲೆ ಅಮ್ಮ ಒಬ್ಬರೇ ಕೂತಿದ್ದರು. ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತ.

"ಅಮ್ಮಾ, ಆ ಅಕ್ಕ ಕೇಳಿದ್ರಲ್ಲ. ಅವರ ಮಾತು ಬಿದ್ದೂ ಹೋಗಿಲ್ಲ. ಅವರಪ್ಪನಿಗೆ ಮುಟ್ಟೂ ಇಲ್ಲ. ಹಾಗಾದ್ರೆ ಅದು ಎಲ್ಲಿದೆ?"

ಅಮ್ಮ ಅವನ ತಲೆಯ ಮೇಲೆ ಕೈಯಿಟ್ಟರು.

"ಅರ್ಧ ನಿನ್ನ ಹತ್ರ ಇದೆ. ಅರ್ಧ ನನ್ನ ಹತ್ರ."