ಹೊಳೆಯಾಚೆಯ ಹಾಜರಿ

ಅಡಿವೆಪ್ಪ ವಕೀಲನಾಗಿ ಗೆದ್ದ ಮೊದಲ ಕೇಸು ಅದು. ಕೋರ್ಟಿನಿಂದ ಗುರುಗಳ ಕಚೇರಿಗೆ ಬಂದವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ ಬಿಡಿ.

ಗುರುಗಳು, ಹಿರಿಯ ವಕೀಲ ಶಾಂತಯ್ಯನವರು, ಹಳೆಯ ಫೈಲೊಂದಕ್ಕೆ ದಾರ ಕಟ್ಟುತ್ತಿದ್ದರು.

“ಏನಾತು?”

“ಹುಲಿಗೆಮ್ಮನ ಕೇಸು ವಜಾ ಆತು ಸರ. ಹೊಲ ನಮ್ಮ ಕಕ್ಷಿದಾರನ ಕೈಯಾಗ ಉಳೀತು.”

“ಆಕಿ ಏನಂದ್ಲು?”

“ಬರಲೇ ಇಲ್ಲ. ಜವಾನ ಮೂರು ಸಲ ಹೆಸರು ಕೂಗಿದ.”

ಹುಲಿಗೆಮ್ಮ ಹೊಳೆಯ ಆಚೆ ದಂಡೆಯ ಊರಿನ ವಿಧವೆ. ಮೈದುನ ಒತ್ತಿಕೊಂಡ ಹೊಲಕ್ಕಾಗಿ, ವಕೀಲರನ್ನಿಡದೆ ತಾನೇ ಕೋರ್ಟಿಗೆ ಓಡಾಡುತ್ತಿದ್ದಳು. ಆ ಮೈದುನನ ಪರ ನಿಂತವನು ಅಡಿವೆಪ್ಪ.

“ಯಾಕ ಬರಲಿಲ್ಲ?”

ಕೋರ್ಟಿನಲ್ಲಿ ಜಡ್ಜ್ ಸಾಹೇಬರೂ ಅಡಿವೆಪ್ಪನನ್ನು ಇದನ್ನೇ ಕೇಳಿದ್ದರು. ಬೆಳಿಗ್ಗೆ ಹೊಳೆ ಏರಿದ್ದನ್ನು, ಅಂಬಿಗರು ಹರಿಗೋಲುಗಳನ್ನು ದಂಡೆಯ ಮೇಲೆ ಬೋರಲು ಹಾಕಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೂ ‘ಗೊತ್ತಿಲ್ಲ’ ಎಂದಿದ್ದ.

ಶಾಂತಯ್ಯನವರು ಕರಿಕೋಟನ್ನು ತೋಳಿಗೆ ಹಾಕಿಕೊಂಡು ಎದ್ದರು. “ನಡಿ.”

ಹೊಳೆಯ ದಂಡೆಯಲ್ಲಿ ನಿಲ್ಲಿಸಿ, “ಕೂಗು” ಎಂದರು.

“ಯಾರನ್ನ ಸರ?”

“ಜವಾನ ಕೂಗಿದ ಹೆಸರನ್ನ.”

ಅಡಿವೆಪ್ಪ ನಾಚಿಕೊಂಡೇ ಕೂಗಿದ. ಎರಡನೆಯ ಸಲ ಗಂಟಲು ಹರಿಯುವಂತೆ ಕೂಗಿದ. ಮೂರನೆಯದು ಅವನ ಕಿವಿಗೇ ಸರಿಯಾಗಿ ಕೇಳಲಿಲ್ಲ, ನೀರಿನ ಸದ್ದು ಅಷ್ಟಿತ್ತು.

ಆಗ ಗುರುಗಳು ತೋಳಿನ ಮೇಲಿದ್ದ ಕೋಟನ್ನು ಎತ್ತರಕ್ಕೆ ಬೀಸಿದರು.

ಆಚೆ ದಂಡೆಯಲ್ಲಿ ಕೂತಿದ್ದ ಹೆಂಗಸೊಬ್ಬಳು ತಟ್ಟನೆ ಎದ್ದಳು. ಬಗಲಲ್ಲಿದ್ದ ಕಾಗದದ ಗಂಟನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದಳು.

“ಹಾಜರಿದ್ದಾಳ ನೋಡು ಹುಲಿಗೆಮ್ಮ,” ಎಂದರು ಶಾಂತಯ್ಯನವರು.

ಅಡಿವೆಪ್ಪ ದಂಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. “ನಾ ಖರೇ ಹೇಳಿದ್ರ ಕಕ್ಷಿದಾರ ಬಿಟ್ಟು ಹೋಗ್ತಾನ ಸರ. ಕೋರ್ಟಿನಾಗ ನನ್ನ ಮಾನಾನೂ ಹೋಗ್ತದ.”

“ಹೊಲ ಅವಂದೇ ಆಗಿದ್ರ, ಆಕಿ ಎದುರಿಗೆ ನಿಂತಾಗ್ಲೂ ಅವಂದೇ.”

ಮರುದಿನ ತುಂಬಿದ ಕೋರ್ಟಿನಲ್ಲಿ ಅಡಿವೆಪ್ಪ ಎದ್ದು ನಿಂತ. ಹೊಳೆಯ ವಿಷಯ ಹೇಳಿದ. ಗೊತ್ತಿದ್ದೂ ಗೊತ್ತಿಲ್ಲ ಎಂದೆ ಅಂತಲೂ ಹೇಳಿದ. ಸಾಹೇಬರು ಚೆನ್ನಾಗಿಯೇ ಬೈದರು. ಆಮೇಲೆ ಹುಲಿಗೆಮ್ಮನ ಕೇಸನ್ನು ಮತ್ತೆ ತೆಗೆದುಕೊಂಡು, ನೀರು ಇಳಿದ ಮೇಲಿನ ತಾರೀಖು ಕೊಟ್ಟರು. ಮೈದುನ ಬಾಗಿಲಲ್ಲೇ ಫೈಲು ಕಸಿದುಕೊಂಡು ಹೋದ.

ಬರಿಗೈಯಲ್ಲಿ ಬಂದ ಶಿಷ್ಯನಿಗೆ ಗುರುಗಳು ತಮ್ಮ ಪಕ್ಕದ ಕುರ್ಚಿ ಎಳೆದು ಕೊಟ್ಟರು. ನಾಲ್ಕು ವರ್ಷ ಅವನು ಕೂತದ್ದು ಎದುರಿನ ಬೆಂಚಿನ ಮೇಲೆ ಮಾತ್ರ.

“ಗೆದ್ದ ಕೇಸು ಕಳಕೊಂಡೆ ಸರ.”

ಹಾಗೆನ್ನುವಾಗಲೂ ಅವನ ತಲೆ ಎತ್ತಿಯೇ ಇತ್ತು. ಹೆಮ್ಮೆ ಅಂದರೆ ಹೆಮ್ಮೆ, ಮುಚ್ಚಿಡಲು ಬರುವಂಥದ್ದಲ್ಲ.

ಶಾಂತಯ್ಯನವರ ಕಣ್ಣು ತುಂಬಿತ್ತು.

“ತಮ್ಮಾ, ಅರವತ್ತು ವರ್ಷದಿಂದ ನಮ್ಮ ಕೋರ್ಟು ಈ ದಂಡೀಗೇ ಇತ್ತು. ಇವತ್ತು ಹೊಳಿ ದಾಟ್ತು.”